ಶಿವದಾರದ ಗಂಟು

ಬೆಳಗಾವಿಯಿಂದ ಹೊರಟ ಸೇನೆಯ ಟ್ರಕ್ಕು ಪೀರನವಾಡಿ ದಾಟಿ ಖಾನಾಪುರ ಮುಟ್ಟುವಷ್ಟರಲ್ಲಿ ಮನೆತನದವರು ಕುಣಿ ತೋಡಿ ಮುಗಿಸಿದ್ದರು. ಲಿಂಗಾಯತರ ರೂಢಿಯಂತೆ ಆಳವಾದ ಚೌಕದ ಕುಣಿ. ಅದರೊಳಗೆ ಸತ್ತವನನ್ನು ಕೂರಿಸಬೇಕು, ಎಡಗೈಯಲ್ಲಿ ಅವನ ಇಷ್ಟಲಿಂಗ ಇಡಬೇಕು. ಬಸವಪ್ರಸಾದ ಮಾತ್ರ ಸೀಲು ಹಾಕಿದ ಉದ್ದನೆಯ ಪೆಟ್ಟಿಗೆಯಲ್ಲಿ ಮಲಗಿಕೊಂಡು ಬಂದ.

ಜೊತೆಗೆ ಬಂದಿದ್ದ ಸುಬೇದಾರ ಬಾಳೇಶ ಕುಣಿಯನ್ನು ನೋಡಿದ. “ಇದನ್ನ ಉದ್ದಕ್ಕ ತೋಡಬೇಕಾಗ್ತದ್ರಿ.”

“ಯಾಕ? ಪೆಟಗಿ ತಗೀರಿ. ನನ್ನ ಮಗ ಕುಂದರತಾನ,” ಎಂದಳು ತಾಯಿ ಚಂದ್ರವ್ವ.

“ತಗ್ಯಾಕ ಆರ್ಡರ್ ಇಲ್ರೀ ಅವ್ವಾರ. ಟ್ರೇನಿಂಗಿನ್ಯಾಗ ಗಾಡಿ ಪಲ್ಟಿ ಆಗೇತಿ. ನೋಡೂ ಹಂಗಿಲ್ಲ.”

“ಹಡದಾಕಿಗೆ ನೋಡೂ ಹಂಗಿಲ್ಲಂದ್ರ ಮತ್ಯಾರಿಗೆ ತೋರಿಸಿ ಬಂದ್ರಿ?”

ಬಾಳೇಶ ಬಸವಪ್ರಸಾದನ ಹೆಂಡತಿ ತ್ರಿವೇಣಿಯ ಕೈಗೆ ಒಂದು ಬಟ್ಟೆಯ ಚೀಲ ಕೊಟ್ಟ. ಅದರಲ್ಲಿ ಗಂಡನ ಗಡಿಯಾರವಿತ್ತು, ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆಯಿತ್ತು. ಗುದ್ದಲಿಗಳು ಮತ್ತೆ ನೆಲಕ್ಕೆ ಬೀಳತೊಡಗಿದವು.

ಕರಡಿಗೆಯ ಮೇಲೆ ಒಂದು ಗೀರೂ ಇರಲಿಲ್ಲ. ಕೊರಳಲ್ಲಿ ತೊಡುವ ಶಿವದಾರವನ್ನು ಯಾರೂ ಕತ್ತರಿಸಿರಲಿಲ್ಲ. ಹಿಂದಿನ ರಜೆಯಲ್ಲಿ ತ್ರಿವೇಣಿಯೇ ಹೊಸ ದಾರ ಹಾಕಿ ಬಿಗಿದಿದ್ದ ಗಂಟನ್ನು ಬಿಚ್ಚಿ, ದಾರವನ್ನು ಕರಡಿಗೆಗೆ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಲಾಗಿತ್ತು. ಮೊಬೈಲಿನ ವಾಯರನ್ನೂ ಬಸವಪ್ರಸಾದ ಹೀಗೆಯೇ ಸುತ್ತಿಡುತ್ತಿದ್ದ. ಸ್ನಾನಕ್ಕೂ ತೆಗೆಯದ ಲಿಂಗವನ್ನು ಅವನು ತಾನಾಗಿಯೇ ಬಿಚ್ಚಿಟ್ಟು ಹೋಗಿದ್ದ.

“ಸ್ವಲ್ಪ ದಿನ ಫೋನ್ ಬರಂಗಿಲ್ಲ, ಏನೂ ಕೇಳಬ್ಯಾಡ,” ಎಂದಿದ್ದ ಕೊನೆಯ ಸಲ. ಅವಳು ಕೇಳಲಿಲ್ಲ. ತ್ರಿವೇಣಿ ಎಷ್ಟು ಗಟ್ಟಿ, ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ ಎಂದು ಬಳಗವೆಲ್ಲ ಹೊಗಳುತ್ತಿತ್ತು. ಆ ಹೊಗಳಿಕೆ ಅವಳಿಗೂ ಹಿತವಾಗಿತ್ತು. ಮೊನ್ನೆ ಟಿ.ವಿ.ಯಲ್ಲಿ, ನಮ್ಮವರು ಯಾರೂ ಗಡಿ ದಾಟಿಲ್ಲ ಎಂದು ಯಾರೋ ಓದಿದಾಗಲೂ ಸುಮ್ಮನೆ ಚಾನೆಲ್ ಬದಲಿಸಿದ್ದಳು.

ಅವಳು ಬಾಳೇಶನ ಬಾಜು ಹೋಗಿ ನಿಂತಳು. “ಲಿಂಗ ತಗದು ಹೋಗು ಅಂತ ಯಾರು ಹೇಳಿದ್ರು ಅವರಿಗೆ?”

“ವೈನಿ, ಇಲ್ಲಿ ಬ್ಯಾಡ್ರಿ.”

“ಗುರುತು ಸಿಗಬಾರದು ಅಂತ ಅಲ್ಲೇನ್ರಿ? ಎಲ್ಲಿಗೆ ಕಳಿಸಿದ್ರಿ?”

“ನಿಮ್ಮ ಮಗಳು ಸಣ್ಣಾಕಿ ಅದಾಳ. ಪಿಂಚಣಿ, ಮುಂದಿಂದೆಲ್ಲ ಸುರಳೀತ ಆಗಬೇಕಲ್ರಿ.” ಅವನು ಬೂಟಿನ ಮೇಲಿನ ಮಣ್ಣು ನೋಡಿದ. “ನನಗ ಹೇಳೂ ಹಂಗಿಲ್ರೀ.”

ಗಾಡಿ ಪಲ್ಟಿಯಾದ ಮಾತನ್ನು ಅವನು ಮತ್ತೆ ಆಡಲಿಲ್ಲ. ಅದು ಸುಳ್ಳೆಂದು ತಿಳಿಯಲು ತ್ರಿವೇಣಿಗೆ ಅಷ್ಟು ಸಾಕಾಗಿತ್ತು. ನಿಜ ಏನೆಂದು ತಿಳಿಯಲು ಮಾತ್ರ ಸಾಲುತ್ತಿರಲಿಲ್ಲ.

ಪೆಟ್ಟಿಗೆ ಕುಣಿಗೆ ಇಳಿಯಿತು. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಕೈಚಾಚಿದರು. “ಲಿಂಗ ಕೊಡವಾ, ಪೆಟಗಿ ಮ್ಯಾಲರ ಇಡೂಣು.”

ತ್ರಿವೇಣಿ ಮುಷ್ಟಿ ಬಿಗಿಹಿಡಿದಳು. “ಕೊಡಂಗಿಲ್ರೀ.”

ಮಾವ ಗುರುಪುತ್ರಪ್ಪ ಮುಂದೆ ಬಂದ. “ಲಿಂಗ ಇಲ್ಲದ ಮಣ್ಣ ಕೊಡ್ತಾರೇನವಾ?”

“ಇದನ್ನ ಎಲ್ಲಿ ಬಿಚ್ಚಿದ್ರು, ಯಾಕ ಬಿಚ್ಚಿದ್ರು ಅಂತ ಸರಕಾರ ಹೇಳಲಿ ಮಾವಾರ. ಅವತ್ತ ಮತ್ತ ತೋಡೂಣು. ಚೌಕ ತೋಡೂಣು.”

ಎಲ್ಲರೂ ಚಂದ್ರವ್ವನ ಕಡೆ ನೋಡಿದರು, ಆಕೆ ಸೊಸೆಯನ್ನು ಬೈಯಲಿ ಎಂದು. ಚಂದ್ರವ್ವ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಅದನ್ನು ಕುಣಿಯೊಳಗೆ ಹಾಕದೆ ಸೆರಗಿನಲ್ಲಿ ಕಟ್ಟಿಕೊಂಡು ಸೊಸೆಯ ಪಕ್ಕಕ್ಕೆ ಬಂದು ನಿಂತಳು.

ಗೌರವದ ಗುಂಡುಗಳು ಹಾರಿದವು.