ಸದ್ದಿಲ್ಲದ ಗಾಡಿ

ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಕಡೆ ಹಳಬರು ಹೆದರಿಸುತ್ತಿದ್ದರು. ದಿನಕರ. ಪಾತ್ರೆ ತಿಕ್ಕುವಾಗ ಎಷ್ಟೋ ಸಲ ಹೇಳಿ ನೋಡಿದ್ದೇನೆ. ಏನೂ ಆಗಲಿಲ್ಲ, ಕಲ್ಲುಗುಂಡಿನ ಹಾಗಿದ್ದಾನೆ.

ದಿನಕರ ಸಿದ್ದಾಪುರದಿಂದ ಶಿರಸಿಗೆ ಬಾಡಿಗೆ ಗಾಡಿ ಓಡಿಸುತ್ತಿದ್ದ. ನಮ್ಮ ಮನೆ ಕಾನಸೂರಿನಿಂದ ಒಳಕ್ಕೆ, ಮಣ್ಣಿನ ಏರುದಾರಿಯ ತುದಿಯಲ್ಲಿ. ಒಂದು ಟ್ರಿಪ್ಪು ಮುಗಿಸಿ ಇನ್ನೊಂದಕ್ಕೆ ಹೋಗುವ ಮುಂಚೆ, ಹೊತ್ತಲ್ಲದ ಹೊತ್ತಿನಲ್ಲಿ, ಅವನು ಮನೆಗೆ ಬಂದು ಹೋಗುತ್ತಿದ್ದ. ಹಸಿವಾಗಿ ಬರುತ್ತಿದ್ದನೆಂದು ತಿಳಿಯಬೇಡಿ. ನಾನು ಮನೆಯಲ್ಲಿ ಇದ್ದೇನೋ ಇಲ್ಲವೋ ನೋಡಲು ಬರುತ್ತಿದ್ದ. ಇಲ್ಲದಿದ್ದರೆ ಹೊಡೆಯುತ್ತಿದ್ದ. ಸುತ್ತಿ ಬಳಸಿ ಹೇಳಿದರೂ ವಿಷಯ ಅಷ್ಟೇ. ಒಮ್ಮೆ ತಾಳಲಾರದೆ ಯಲ್ಲಾಪುರದ ತವರಿಗೆ ಹೋಗಿದ್ದೆ. ಅಪ್ಪ ಊಟ ಹಾಕಿಸಿದ, ಸಮಾಧಾನ ಹೇಳಿದ, ಮರುದಿನದ ಬಸ್ಸಿನಲ್ಲಿ ತಾನೇ ಕರೆತಂದು ಬಿಟ್ಟುಹೋದ. ಅಲ್ಲಿಗೆ ಆ ದಾರಿಯೂ ಮುಗಿಯಿತು.

ಹೀಗಿರುವಾಗ ನನ್ನ ಪುಣ್ಯಕ್ಕೆ ಗಾಡಿಯ ಫ್ಯಾನ್ ಕ್ಲಚ್ ಕೆಟ್ಟಿತು.

ಎಂಜಿನ್ನಿನ ಮುಂದೆ, ಅದನ್ನು ತಣ್ಣಗಿಡಲು ಒಂದು ಫ್ಯಾನು ಇರುತ್ತದೆ. ಆ ಫ್ಯಾನು ಕೂತಿರುವ ಗುಂಡನೆಯ ಡಬ್ಬಿಯೇ ಕ್ಲಚ್ಚು. ಎಂಜಿನ್ನು ಬಿಸಿಯಾದಾಗ ಮಾತ್ರ ಅದು ಫ್ಯಾನನ್ನು ಹಿಡಿದು ಜೋರಾಗಿ ತಿರುಗಿಸಬೇಕು, ಉಳಿದ ಹೊತ್ತು ಸಡಿಲ ಬಿಟ್ಟಿರಬೇಕು. ನಮ್ಮದು ಒಳಗೇ ಕಚ್ಚಿಕೊಂಡುಬಿಟ್ಟಿತ್ತು. ಬಿಸಿಯೋ ತಂಪೋ, ಎಂಜಿನ್ನು ತಿರುಗಿದಷ್ಟೂ ಫ್ಯಾನು ತಿರುಗುತ್ತಿತ್ತು. ಅದರ ಭೋರಾಟ ಕೇಳಿ ಊರ ಮಕ್ಕಳು ಗಾಡಿಗೆ ಇಮಾನ ಎಂದು ಹೆಸರಿಟ್ಟರು. ಅದು ಡಾಂಬರು ರಸ್ತೆ ಬಿಟ್ಟು ನಮ್ಮ ದಾರಿಗೆ ತಿರುಗುವ ಮೊದಲೇ ನಮ್ಮ ಅಂಗಳಕ್ಕೆ ಕೇಳುತ್ತಿತ್ತು.

ಕೇಳಿದವಳಿಗೆ ಓಡಿ ಮನೆ ಸೇರುವಷ್ಟು ಸಮಯ ಸಿಗುತ್ತಿತ್ತು. ನನಗೆ ಬೇಕಾದದ್ದು ಅಷ್ಟೇ. ಗದ್ದೆಯ ಆಚೆ ಗಂಗೆಯ ಮನೆ. ಗಂಗೆ ಗಂಡ ಸತ್ತ ಮೇಲೆ ಹೊಲಿಗೆ ಮಷಿನ್ ಇಟ್ಟುಕೊಂಡು ಊರವರ ರವಿಕೆ, ಮಕ್ಕಳ ಅಂಗಿ ಹೊಲಿಯುತ್ತಿದ್ದಳು. ದಿನಕರ ಗಾಡಿ ಹತ್ತಿದ ಕೂಡಲೇ ನಾನು ಅಲ್ಲಿಗೆ ಹೋಗುತ್ತಿದ್ದೆ. ಮೊದಲು ಗುಂಡಿ ಹಚ್ಚಿದೆ, ಆಮೇಲೆ ಅಂಚು ಮಡಚಿದೆ, ಕೊನೆಗೆ ಮಷಿನ್ನಿನ ಮುಂದೆ ಕೂತೆ. ನಾನು ಹೊಲಿದ ಲಂಗ ತೊಟ್ಟು ಒಂದು ಹುಡುಗಿ ರಸ್ತೆಯಲ್ಲಿ ಹೋದ ದಿನ ನನಗಾದ ಸಂತೋಷ, ದೇವರಾಣೆ, ಮದುವೆಯ ದಿನವೂ ಆಗಿರಲಿಲ್ಲ. ನಡುವೆ ಗಂಗೆ ಕಿವಿ ನಿಮಿರಿಸಿ, "ಅಮ್ಮಾ, ಏಳಿ ಏಳಿ, ಇಮಾನ ಬಂತು" ಎನ್ನುತ್ತಿದ್ದಳು. ನಾನು ಸೀರೆ ಎತ್ತಿಕಟ್ಟಿ ಗದ್ದೆಯ ಬದುವಿನ ಮೇಲೆ ಓಡುತ್ತಿದ್ದೆ. ಅವನು ಗಾಡಿಯಿಂದ ಇಳಿಯುವಾಗ ನಾನು ಒಲೆಯ ಮುಂದೆ ಇರುತ್ತಿದ್ದೆ, ಏದುಸಿರನ್ನು ಹೊಗೆಯ ತಲೆಗೆ ಕಟ್ಟಿ ಕೆಮ್ಮುತ್ತಿದ್ದೆ. ಎರಡು ವರ್ಷ ಹೀಗೆ ಸುಖವಾಗಿ ಕಳೆಯಿತು.

ಒಂದು ಬೆಳಿಗ್ಗೆ ದಿನಕರ ಬಾನೆಟ್ಟು ಎತ್ತಿ ನೋಡಿ ಒಳಗೆ ಬಂದ.

"ಪರಿಮಳಾ, ಫ್ಯಾನು ಅಲ್ಲಾಡ್ತಾ ಇದ್ದು. ಇವತ್ತೇ ಶಿರಸಿಗೆ ಹೋಗಿ ಕ್ಲಚ್ ಬದಲಿಸವು. ನೀನೂ ಹೊರಡು, ನಿನ್ನ ಹಲ್ಲು ತೋರ್ಸಿಕೊಂಡು ಬಪ್ಪನ."

ನನ್ನ ಹಲ್ಲುನೋವಿನ ಮೇಲೆ ಅವನಿಗೆ ಕನಿಕರ ಹುಟ್ಟಿದ್ದಲ್ಲ. ಇಡೀ ದಿನ ಗಾಡಿ ಶಿರಸಿಯ ಗ್ಯಾರೇಜಿನಲ್ಲಿ ನಿಂತರೆ ನನ್ನನ್ನು ನೋಡಿಹೋಗಲು ಬರಲಾಗುವುದಿಲ್ಲವಲ್ಲ, ಅದಕ್ಕೆ. ದಾರಿಯುದ್ದಕ್ಕೂ ಆ ಭೋರಾಟ ಕೇಳುತ್ತ ಕೂತೆ. ಇದು ಹೋದರೆ ನನ್ನ ಗತಿ ಏನು ಎಂಬ ಯೋಚನೆಯಲ್ಲಿ ಹಲ್ಲುನೋವು ಮರೆತೇಹೋಯಿತು.

ಮೆಕ್ಯಾನಿಕ್ ಸಂಗಯ್ಯ ಹಾನಗಲ್ ಕಡೆಯವನು, ಶಿರಸಿಗೆ ಬಂದು ನೆಲೆಸಿದವನು. ಬಾನೆಟ್ಟಿನೊಳಗೆ ಕೈಹಾಕಿ ಫ್ಯಾನನ್ನು ಅಲ್ಲಾಡಿಸಿ ನೋಡಿದ.

"ಬೇರಿಂಗ್ ಪೂರ್ತಿ ಹೋಗೇತ್ರಿ ಹೆಗಡೇರ. ಇನ್ನ ಹಂಗ ಓಡಿಸಿದ್ರ ಪಂಖಾ ಕಳಚಿ ರೇಡಿಯೇಟರ್‌ಗೆ ಬಡೀತೈತಿ."

ಒಳಗೆ ಹೋಗಿ ಮೂರು ತುಂಡು ತಂದು ಗೋಣಿಚೀಲದ ಮೇಲಿಟ್ಟ. ಮೊದಲನೆಯದು ಹೊಸದು, ಇನ್ನೂ ಪೊಟ್ಟಣದಲ್ಲೇ ಇತ್ತು. "ಬಿಸಿ ಆದಾಗಷ್ಟ ಹಿಡೀತೈತಿ. ಸದ್ದಿಲ್ಲ, ಡೀಸಲ್ಲೂ ಉಳೀತೈತಿ." ಎರಡನೆಯದು ಯಾವುದೋ ಹಳೆಯ ಗಾಡಿಯಿಂದ ಬಿಚ್ಚಿ ಎಣ್ಣೆ ತುಂಬಿಸಿದ್ದು. "ಇದಕ್ಕ ಗ್ಯಾರಂಟಿ ಕೇಳಬ್ಯಾಡ್ರಿ." ಮೂರನೆಯದು ಲೇಥಿನಲ್ಲಿ ಕಡೆಸಿದ ಬರೀ ಕಬ್ಬಿಣದ ಗುಂಡು. ಅದರೊಳಗೆ ಎಣ್ಣೆಯೂ ಇಲ್ಲ, ಕ್ಲಚ್ಚೂ ಇಲ್ಲ. ಫ್ಯಾನನ್ನು ಎಂಜಿನ್ನಿಗೆ ನೇರವಾಗಿ ಬಿಗಿದುಬಿಡುವುದು. "ಯಾವ ಘಟ್ಟ ಹತ್ತಿದ್ರೂ ಗಾಡಿ ಬಿಸಿ ಆಗೂದಿಲ್ಲ, ಸೋವಿನೂ ಐತಿ. ಆದ್ರ ಈಗಿನ ಒದರಾಟ ಹಂಗ ಉಳೀತೈತಿ."

ನನಗೆ ಆ ಕಬ್ಬಿಣದ ಗುಂಡನ್ನು ಎತ್ತಿ ಮುದ್ದಿಡಬೇಕು ಅನ್ನಿಸಿತು.

ದಿನಕರ ಹೊಸದನ್ನು ಕೈಯಲ್ಲಿ ಹಿಡಿದು ತಿರುಗಿಸಿದ. ಜೋನಿಬೆಲ್ಲದಲ್ಲಿ ಸೌಟು ಆಡಿಸಿದ ಹಾಗೆ ಅದು ನಿಧಾನವಾಗಿ, ಬಿಗಿಯಾಗಿ ತಿರುಗಿತು. ಕೆಳಗಿಟ್ಟು ಕಬ್ಬಿಣದ ಗುಂಡು ಎತ್ತಿದ. ಅದನ್ನೂ ಇಟ್ಟ, ಮತ್ತೆ ಹೊಸದರ ಪೊಟ್ಟಣ ಓದತೊಡಗಿದ.

ಇಲ್ಲಿ ಅವನ ಒಂದು ಗುಣ ಹೇಳಬೇಕು. ನಾನು ಬೇಕು ಎಂದದ್ದು ಅವನಿಗೆ ಬೇಡ. ಅವಲಕ್ಕಿ ಮಾಡುತ್ತೇನೆ ಎಂದರೆ ದೋಸೆಯೇ ಆಗಬೇಕು. ನೀಲಿ ಸೀರೆ ಚೆಂದ ಎಂದರೆ ಹಸಿರು ತರುತ್ತಿದ್ದ. ಮದುವೆಯಾದ ಹೊಸದರಲ್ಲಿ ಅಳುತ್ತಿದ್ದೆ. ಆಮೇಲೆ ಬುದ್ಧಿ ಬಂತು. ದೋಸೆ ತಿನ್ನಬೇಕು ಅನ್ನಿಸಿದ ದಿನ ಅವಲಕ್ಕಿಯ ಮಾತೆತ್ತುತ್ತಿದ್ದೆ. ಒಂದು ಸಲವೂ ತಪ್ಪಿದ್ದಿಲ್ಲ.

ಹಾಗಾಗಿ ಗಾಡಿಯೊಳಗಿಂದ ಇಳಿದು ಹತ್ತಿರ ಹೋದೆ. ಧೈರ್ಯ ಮಾಡಿ ಹೇಳಿದೆ:

"ಹೊಸದೇ ಹಾಕ್ಸಿ. ಆ ಸದ್ದು ಕೇಳಿ ಕೇಳಿ ಯಂಗೆ ತಲೆ ಚಿಟ್ಟು ಹಿಡಿದೋಜು."

ಅವನ ಹುಬ್ಬು ಗಂಟಾಯಿತು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಸಂಗಯ್ಯ ನಡುವೆ ಬಾಯಿ ಹಾಕಿದ.

"ಅಕ್ಕಾರು ಲಾಖ ರೂಪಾಯಿ ಮಾತು ಹೇಳಿದ್ರು ನೋಡ್ರಿ! ಹೆಣ್ಣಮಕ್ಕಳ ಮಾತು ಕೇಳೋ ಗಂಡಸರು ಎಷ್ಟ ಮಂದಿ ಅದಾರ್ರೀ ಈಗ?"

ಗ್ಯಾರೇಜಿನಲ್ಲಿದ್ದ ಇನ್ನಿಬ್ಬರು ಡ್ರೈವರುಗಳು ನಮ್ಮ ಕಡೆ ತಿರುಗಿದರು. ದಿನಕರನ ಹುಬ್ಬು ಸಡಿಲವಾಯಿತು, ಮುಖದಲ್ಲಿ ನಗು ಬಂತು. ನಾನು ಮನೆಯ ಲೆಕ್ಕವನ್ನು ಗ್ಯಾರೇಜಿಗೆ ತಂದಿದ್ದೆ. ಹೊರಗಿನ ನಾಲ್ಕು ಜನರ ಮುಂದೆ ಅವನು ಬೆಣ್ಣೆ ಎಂಬುದು ಆ ಹೊತ್ತಿಗೆ ತಲೆಗೇ ಹೊಳೆಯಲಿಲ್ಲ.

"ನಮ್ಮನೆಯವ್ರು ಹೇಳಿದ್ಮೇಲೆ ಬೇರೆ ಮಾತುಂಟಾ? ಹೊಸದೇ ಹಾಕು ಸಂಗಯ್ಯ" ಎಂದ.

ನನ್ನ ಸಂಸಾರದಲ್ಲಿ ಅವನು ನನ್ನ ಮಾತು ಕೇಳಿದ್ದು ಅದೇ ಮೊದಲು. ಬಾಯಿ ಮುಚ್ಚಿಕೊಂಡಿದ್ದರೆ ಕಬ್ಬಿಣದ ಗುಂಡನ್ನೇ ಹಾಕಿಸುತ್ತಿದ್ದನೋ ಏನೋ. ಸಂಗಯ್ಯ ಬೋಲ್ಟು ಬಿಗಿಯುವಾಗ ನಾನು ಬೆಂಚಿನ ಮೇಲೆ ಕೂತು ಅತ್ತೆ. ಹಲ್ಲುನೋವು ಎಂದು ತಿಳಿದು ದಿನಕರ ಚಹಾ ತರಿಸಿಕೊಟ್ಟ.

ಹಲ್ಲು ತೋರಿಸುವ ಮಾತು ಅಲ್ಲಿಗೇ ಬಿಟ್ಟುಹೋಯಿತು, ಸಂಜೆ ಗಾಡಿ ಹೊರಟಿತು. ಎಂಜಿನ್ನಿನ ಗುಟುಗುಟು ಬಿಟ್ಟರೆ ಸದ್ದೇ ಇಲ್ಲ. ಕಾನಸೂರು ದಾಟಿ ನಮ್ಮ ದಾರಿಗೆ ತಿರುಗಿದಾಗ ದಿನಕರ ಖುಷಿಯಿಂದ ಸ್ಟಿಯರಿಂಗ್ ತಟ್ಟಿದ.

"ನೋಡಿದ್ಯಾ? ಅಂಗಳಕ್ಕೆ ಬಪ್ಪವರೆಗೂ ಯಾರಿಗೂ ಗೊತ್ತಾಗ್ತಿಲ್ಲೆ."

ಅವನು ಏನೂ ಗೊತ್ತಿಲ್ಲದೆ ಹೇಳಿದನೋ, ಎಲ್ಲ ಗೊತ್ತಿದ್ದೇ ಹೇಳಿದನೋ, ನನಗೆ ಇಂದಿಗೂ ತಿಳಿಯದು. ನಾನು ಹೂಂ ಎಂದೆ.

ಮರುದಿನದಿಂದ ಗಂಗೆಯ ಮನೆಗೆ ಹೋಗಲಿಲ್ಲ. ಮನೆಯೊಳಗೆ ಕೂತು ಕಿವಿಗೊಟ್ಟೆ. ಗಾಳಿಗೆ ಬಾಗಿಲು ಅಲುಗಿದರೂ ಎದ್ದು ನಿಲ್ಲುತ್ತಿದ್ದೆ. ಬಾವಿಯಿಂದ ಕೊಡ ಎತ್ತಿ ತಿರುಗಿದರೆ ಅವನು ಬೆನ್ನ ಹಿಂದೆ ನಿಂತಿರುತ್ತಿದ್ದ. ಅಡುಗೆಮನೆಯಲ್ಲಿ ತಲೆಯೆತ್ತಿದರೆ ಬಾಗಿಲಲ್ಲಿ ಇರುತ್ತಿದ್ದ. ನಾನು ಎಲ್ಲಿಗೂ ಹೋಗಿರಲಿಲ್ಲ, ಏನೂ ಮಾಡಿರಲಿಲ್ಲ, ಆದರೂ ಬೆಚ್ಚಿಬೀಳುತ್ತಿದ್ದೆ. ಬೆಚ್ಚಿದ್ದು ಯಾಕೆ ಎಂದು ಅದಕ್ಕೂ ಹೊಡೆದ.

ಆ ಸಂಜೆ ಕೆನ್ನೆಗೆ ತಣ್ಣೀರು ಬಟ್ಟೆ ಒತ್ತಿಕೊಂಡು ಕೂತಾಗ ನನಗೆ ಸಿಟ್ಟು ಬಂತು. ಅವನ ಮೇಲಿನದು ಹಳೆಯ ಸಿಟ್ಟು, ಇದು ನನ್ನ ಮೇಲೆ. ಮನೆಯಲ್ಲೇ ಬಿದ್ದಿದ್ದರೂ ಪೆಟ್ಟು ತಪ್ಪದ ಮೇಲೆ ಈ ಮನೆಯನ್ನು ಯಾವ ಸುಖಕ್ಕೆ ಕಾಯಬೇಕು?

ಶಾಲೆ ಶುರುವಾಗುವ ಮುಂಚಿನ ವಾರ ಗಂಗೆಗೆ ಸಮವಸ್ತ್ರದ ಕೆಲಸ ರಾಶಿ ಬಿದ್ದಿತ್ತು. ದಿನಕರ ಹೊರಟ ಮೇಲೆ ನಾನು ಬಾಗಿಲು ಎಳೆದುಕೊಂಡು ಗದ್ದೆ ದಾಟಿದೆ. ಗಂಗೆ ಗಾಬರಿಯಾದಳು.

"ಅಮ್ಮಾ, ಈಗ ಇಮಾನ ಬಂದ್ರೂ ಕೇಳೂದಿಲ್ವಲ್ರಾ!"

"ಕೇಳದೇ ಇದ್ರೆ ಓಡೂದೂ ಬೇಡ" ಎಂದೆ, ಮಷಿನ್ನಿನ ಮುಂದೆ ಕೂತೆ.

ಜಗಲಿಯ ತುಂಬ ಅಳತೆ ಕೊಡಲು, ಹೊಲಿದದ್ದು ಒಯ್ಯಲು ಬಂದ ಹೆಂಗಸರು. ಮಧ್ಯಾಹ್ನದ ಹೊತ್ತಿಗೆ ಅವರ ಮಾತು ಒಮ್ಮೆಲೇ ನಿಂತಿತು. ತಲೆಯೆತ್ತಿದೆ. ದಿನಕರ ಬಾಗಿಲಲ್ಲಿದ್ದ.

"ಏಳು, ಹೋಪನ" ಎಂದ, ಮೆಲ್ಲಗೆ.

ಪೆಡಲ್ಲಿನ ಮೇಲೆ ನನ್ನ ಕಾಲು ತಪ್ಪಿತು. ಹೊಲಿಗೆ ಸೊಟ್ಟಗಾಯಿತು. ಹೆಂಗಸರು ಅವನನ್ನೇ ನೋಡುತ್ತಿದ್ದರು. ಇವರೆಲ್ಲ ಹೊರಗಿನವರು ಎಂದು ಈ ಸಲ ನನಗೆ ಸಮಯಕ್ಕೆ ಹೊಳೆಯಿತು.

"ಇದೊಂದು ಅಂಗಿ ಮುಗಿಸಿಕ್ಕಿ ಬತ್ತೆ" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಅವನ ಮುಖದಲ್ಲಿ ಗ್ಯಾರೇಜಿನ ಅದೇ ನಗು ಬಂತು. "ಆತು, ಮುಗಿಸಿಕ್ಕೇ ಬಾ" ಎಂದು ಜಗಲಿಯ ಕಟ್ಟೆಯ ಮೇಲೆ ಕೂತ. ಯಾರದೋ ಮಗುವನ್ನು ಕರೆದು ಮಾತಾಡಿಸಿದ. ಹೆಂಗಸರಿಗೆ ಅವನು ಬಲು ಒಳ್ಳೆಯವನಾಗಿ ಕಂಡಿರಬೇಕು.

ಸೊಟ್ಟ ಹೊಲಿಗೆ ಬಿಚ್ಚಿ ಮತ್ತೆ ಹಾಕಿದೆ. ಆ ಅಂಗಿ ಮುಗಿಯಿತು. ಗಂಗೆ ನನ್ನ ಮುಖ ನೋಡಿ ಇನ್ನೊಂದು ಅಂಗಿಯ ಬಟ್ಟೆ ನನ್ನ ಕೈಗಿಟ್ಟಳು. ಅದನ್ನೂ ಹೊಲಿದೆ. ಹೆಂಗಸರು ತಮ್ಮ ತಮ್ಮ ಗಂಟು ಕಟ್ಟಿಕೊಂಡು ಒಬ್ಬೊಬ್ಬರೇ ಎದ್ದುಹೋಗುತ್ತಿದ್ದರು. ಕೊನೆಗೆ ರವಿಕೆಗೆ ಇನ್ನೂ ಅಳತೆ ಕೊಡದ ಒಬ್ಬ ಮುದುಕಿ ಮಾತ್ರ ಉಳಿದಳು. ಅವಳೂ ಹೋದರೆ ಅವನ ಆ ನಗುವೂ ಹೋಗುತ್ತದೆ. ಗಂಗೆ ಟೇಪು ಹಿಡಿದು ಅವಳ ಭುಜ ಅಳೆದಳು, ತಪ್ಪಿತು ಎಂದು ಮತ್ತೆ ಅಳೆದಳು, ಮತ್ತೆ ಅಳೆದಳು. ನಾನು ಮೂರನೆಯ ಅಂಗಿ ಕೈಗೆತ್ತಿಕೊಂಡು ಆದಷ್ಟು ನಿಧಾನವಾಗಿ ಪೆಡಲ್ಲು ತುಳಿದೆ.