ಮಾಳಿಗೆಯ ಮೇಲಿನ ಟಿಟ್ಟಿಭ

ಕೊಕ್ಕು ತೆರೆದು, ಗಂಟಲು ಪಟಪಟನೆ ಅದುರಿಸುತ್ತ ಕೂತಿದ್ದ ಟಿಟ್ಟಿಭ ಒಮ್ಮೆಲೇ ಮೊಟ್ಟೆ ಬಿಟ್ಟು ಹಾರಿದಾಗ, ಮಾಳಿಗೆಯ ಬಾಗಿಲಲ್ಲಿ ನಿಂತಿದ್ದ ಕಸ್ತೂರಿಯ ಕೈ ತಾನಾಗಿಯೇ ತನ್ನ ಹೊಟ್ಟೆಯ ಮೇಲೆ ಹೋಯಿತು.

ಮುದನಾಳದ ಕಡೆಯ ಬೀಳು ನೆಲದಲ್ಲಿರಬೇಕಾದ ಹಕ್ಕಿ ಅದೇಕೋ ಯಾದಗಿರಿಗೆ ಬಂದು, ಈ ಮಾಳಿಗೆಯ ಮೇಲೆ, ಮನೆ ಕಟ್ಟುವಾಗ ಉಳಿದ ಖಡಿಕಲ್ಲುಗಳ ನಡುವೆ ಮೊಟ್ಟೆಯಿಟ್ಟಿತ್ತು. ಯಾವುದು ಕಲ್ಲು, ಯಾವುದು ಮೊಟ್ಟೆ ಎಂದು ತಿಳಿಯದಂಥ ಬಣ್ಣ. ಪಕ್ಕದ ನೀರಿನ ಟಾಕಿ ಸೋರಿ ಒಂದಿಷ್ಟು ನೀರು ನಿಲ್ಲುತ್ತಿತ್ತು. ನಳ ವಾರಕ್ಕೊಮ್ಮೆ ಬರುವ ಓಣಿಯಲ್ಲಿ ಇದೆಂಥ ದಂಡ ಎಂದು, ಬಾಣಂತನಕ್ಕೆ ತವರಿಗೆ ಬಂದ ಕಸ್ತೂರಿಯೇ ನಳದ ಶಾಕೀರನನ್ನು ಕರೆಸಿ ಮೊನ್ನೆ ಆ ಸೋರಿಕೆಯನ್ನು ಬಂದ್ ಮಾಡಿಸಿದ್ದಳು. ಹಕ್ಕಿ ಆ ನೀರಲ್ಲಿ ಎದೆ ತೋಯಿಸಿಕೊಂಡು ಹೋಗಿ, ಮೊಟ್ಟೆಗಳು ತಂಪಾಗಲೆಂದು ಅವುಗಳ ಮೇಲೆ ಕೂರುತ್ತಿದ್ದುದು ಆಮೇಲೆ ನೆನಪಾಯಿತು. ನೆರಳಿಗೆಂದು ಸೀರೆ ಕಟ್ಟಿದರೆ ಅದು ಹತ್ತಿರವೇ ಸುಳಿಯಲಿಲ್ಲ. ಬಿಚ್ಚಿ, ಬಕೆಟ್ಟಿನಲ್ಲಿ ನೀರಿಟ್ಟಳು. ಸುತ್ತು ಹಾಕಿತು, ಇಳಿಯಲಿಲ್ಲ.

ಮೊಣಕಾಲು ಹಿಡಿದುಕೊಂಡು ಮೆಟ್ಟಿಲೇರಿ ಬಂದಳು ಅಜ್ಜಿ ಮೌನಮ್ಮ. "ಇಂಥಾ ಬಿಸಲಾಗ ಬಸರಿ ಹೆಣ್ಮಗಳು ಇಲ್ಲಿ ನಿಂದರತಾಳೇನ?"

"ನಾನೇ ನೀರು ಬಂದ್ ಮಾಡ್ಸೀನಿ, ಆಯಿ. ತತ್ತಿ ಸುಡಾಕತ್ತಾವ. ಇವೂ ಉಳಿಯಂಗಿಲ್ಲೇನು?"

ಹೋದ ವರ್ಷ ಕಸ್ತೂರಿಯ ಹೊಟ್ಟೆಯಲ್ಲೇ ಐದು ತಿಂಗಳಿಗೆ ಹೋದ ಕೂಸಿನ ಸುದ್ದಿಯನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ಮುಗಲು ಬಿದ್ದರ ಹಿಡೀತೀನಂತ ಕಾಲು ಮ್ಯಾಲೆ ಮಾಡಿ ಮಲಗೂ ಹಕ್ಕಿ ಅದು," ಎಂದಳು ಮುದುಕಿ. "ನಿನ್ನ ಬಕೀಟಿನ್ಯಾಗ ಜಿಗದು ಸಾಯ್ತದೇನು, ಹುಚ್ಚಿ?"

ಕಸ್ತೂರಿ ಬಕೆಟ್ಟಿನ ಆಳವನ್ನೇ ನೋಡಿದಳು. ನಿಂತು ನಡೆಯುವಷ್ಟು ನೀರು ಬೇಕು. ಅಗಲದ ಪಾತ್ರೆ ಬೇಕು. ಮನೆಯಲ್ಲಿ ಅಂಥದ್ದು ಒಂದೇ, ಅಜ್ಜಿ ರೊಟ್ಟಿಯ ಹಿಟ್ಟು ನಾದುವ ಹಿತ್ತಾಳೆ ಪರಾತ. ಅದಕ್ಕೆ ಸೊಸೆಯಂದಿರು ಮುಸುರೆ ಕೈ ತಾಗಿಸುವಂತಿರಲಿಲ್ಲ. ಕೇಳಲು ಬಾಯಿ ಬರಲಿಲ್ಲ. ಆದರೆ ಅಜ್ಜಿ ಆಗಲೇ ಇಳಿದು ಹೋಗಿದ್ದಳು. ಪರಾತವನ್ನು ಸೊಂಟಕ್ಕೊತ್ತಿಕೊಂಡು ಮತ್ತೆ ಏರಿ ಬಂದು ಚಾಚಿದಳು.

ಬೆರಳುದ್ದ ನೀರು ಸುರಿದು ಕಸ್ತೂರಿ ಬಾಗಿಲ ಮರೆಗೆ ಸರಿದಳು. ಎಷ್ಟೋ ಹೊತ್ತಿನ ಮೇಲೆ ಹಕ್ಕಿ ಬಂತು. ಪರಾತದ ಅಂಚಿನ ಮೇಲೆ ನಿಂತು, ಅನುಮಾನಿಸಿ, ಒಳಗಿಳಿದು ಕುಕ್ಕರಿಸಿತು. ಎದ್ದು, ತೊಟ್ಟಿಕ್ಕುವ ಎದೆಯಲ್ಲೇ ಓಡಿ ಹೋಗಿ ಮೊಟ್ಟೆಗಳ ಮೇಲೆ ಮೆಲ್ಲಗೆ ತನ್ನನ್ನು ಇಳಿಸಿಕೊಂಡಿತು.

ಕಸ್ತೂರಿ ಕೆಳಗೆ ಬಂದಾಗ ಮೌನಮ್ಮ ಉಣ್ಣುವ ಗಂಗಾಳದಲ್ಲಿ ಜೋಳದ ಹಿಟ್ಟು ನಾದುತ್ತಿದ್ದಳು. ಹಿಟ್ಟು ಅಂಚು ದಾಟಿ ದಾಟಿ ನೆಲಕ್ಕೆ ಬೀಳುತ್ತಿತ್ತು. ಅವಳು ಮತ್ತೆ ಮತ್ತೆ ಅದನ್ನು ಅಂಗೈಯಿಂದ ಒಳಕ್ಕೆ ಸೇರಿಸಿಕೊಳ್ಳುತ್ತಿದ್ದಳು.