ಎಣ್ಣೆ ಕುಡಿದ ಗುಂಡು

ಕಡ್ಡಿರಾಂಪುರದ ಗರಡಿಮನೆಯ ಮುಂದಿದ್ದ ಕಬ್ಬಿಣದ ಗುಂಡನ್ನು ಯುಗಾದಿಯ ದಿನ ಎತ್ತಿ, ಹೆಗಲ ಮೇಲಿಂದ ಹಿಂದಕ್ಕೆ ಒಗೆದವನೇ ಊರಿಗೆ ಗಂಡಸು. ಹೋದ ವರ್ಷ ಜಡೆಪ್ಪ ಅದನ್ನು ಮೊಣಕಾಲಿನವರೆಗೆ ತಂದು ಕೈಬಿಟ್ಟಿದ್ದ. ಕಂಪ್ಲಿಯ ಪೈಲ್ವಾನರು ಅಂದು ನಕ್ಕ ನಗು ಇನ್ನೂ ಅವನ ಕಿವಿಯಲ್ಲಿತ್ತು. ಈ ಸಲ ಎತ್ತಲೇಬೇಕು.

ಹಬ್ಬ ಹತ್ತಿರ ಬಂದಾಗ, ಬಸ್ರಾದ ಯುದ್ಧ ಮುಗಿಸಿ ಊರು ಸೇರಿದ್ದ ಓಬಳೇಶ ಗುಂಡಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಬ್ರಿಟಿಷರ ದಂಡಿನಲ್ಲಿ ತೋಪು ಹಾರಿಸುತ್ತಿದ್ದವನು. ಗುಂಡನ್ನು ಬೆರಳಿನಿಂದ ಕುಟ್ಟಿ ಕಿವಿಗೊಟ್ಟ. ಅದರ ನೆತ್ತಿಯ ತೂತನ್ನು ದಿಟ್ಟಿಸಿದ. ಮೆಲ್ಲಗೆ ಹಿಂದೆ ಸರಿದ.

"ಇದು ಹಳೇ ಕಾಲದ ತೋಪಿನ ಗುಂಡು ಜಡೆಪ್ಪ. ಟೊಳ್ಳೈತಿ. ಒಳಗ ಮದ್ದು, ಈ ತೂತಿನಾಗ ಬತ್ತಿ. ಯಾರೂ ಮುಟ್ಟಬ್ಯಾಡ್ರಿ."

ಹಿಂದೆ ಅದನ್ನು ಎತ್ತಿ ಒಗೆದಿದ್ದ ಹಿರಿಯರೆಲ್ಲ ಈಗ ಬೆವರು ಒರೆಸಿಕೊಂಡರು. ಹೊಸಪೇಟೆ ಪೊಲೀಸರಿಗೆ ಒಪ್ಪಿಸೋಣ ಎಂದರು. ಜಡೆಪ್ಪ ಓಬಳೇಶನ ಕಡೆ ತಿರುಗಿದ.

"ಅಣ್ಣಾ, ಹಬ್ಬ ಮುಗಿಯೋತನ ಬಾಯಿ ಮುಚ್ಕೊಂಡು ಇರಾಕ ಆಗ್ಲಿಲ್ಲೇನು?"

ಆಗ ಮುದುಕಿ ಉಚ್ಚೆಂಗಮ್ಮ ಮುಂದೆ ಬಂದಳು. ಅದು ತೂತಲ್ಲ, ಬಸವಣ್ಣನ ಹೊಕ್ಕಳು ಎಂದಳು. ಪ್ರತಿ ಯುಗಾದಿಗೆ ಅದಕ್ಕೆ ಹರಳೆಣ್ಣೆ ಹೊಯ್ದು, ಮೇಲೆ ಕೊಡ ನೀರು ಸುರಿಯುವುದು ಅವಳ ಮನೆತನದ ಸೇವೆ.

"ನಮ್ಮತ್ತಿ, ಅವರತ್ತಿ ಕಾಲದಿಂದ ಹೊಯ್ಯಾಕತ್ತೀವಿ. ಎಲ್ಲಾ ಒಳಗ ಇಳೀತೈತಿ. ದೇವ್ರು ಕುಡೀತಾನ ಅನ್ಕೊಂಡಿದ್ವಿ."

ಬಸ್ರಾದಿಂದ ಬಂದ ಮೇಲೆ ಓಬಳೇಶ ನಕ್ಕದ್ದು ಅದೇ ಮೊದಲು. "ಅಜ್ಜೀ, ಮದ್ದಿಗೆ ಎಣ್ಣಿ ಕುಡಿಸಿ ಕುಡಿಸಿ ಕೊಂದೀರಲ್ಲ!"

ಆದರೂ ಎಲ್ಲರನ್ನೂ ದೂರ ಅಟ್ಟಿ, ಗುಂಡನ್ನು ತಾನೊಬ್ಬನೇ ಕಾಲುವೆಗೆ ಉರುಳಿಸಿದ. ನೆನೆಸಿ, ಬಿದಿರುಕಡ್ಡಿಯಿಂದ ಕಲಕಿದ. ಕಪ್ಪು ರಾಡಿ ಬಳಬಳನೆ ಸುರಿಯಿತು. ಅದರಲ್ಲಿ ಒಂದು ಚಿಟಿಕೆ ಒಣಗಿಸಿ ಕೆಂಡಕ್ಕೆ ಹಾಕಿದರೆ ಹಪ್ಪಳದಷ್ಟೂ ಸದ್ದು ಬರಲಿಲ್ಲ.

ಖಾಲಿ ಗುಂಡು ಎತ್ತಿದ ಎಂದು ಕಂಪ್ಲಿಯವರು ಆಡಿಕೊಳ್ಳಬಾರದಲ್ಲ! ಜಡೆಪ್ಪನೇ ಹೊಳೆಯ ಮರಳು ತಂದು ಒಳಗೆ ಗಿಡಿದು, ತೂತಿಗೆ ಬೇವಿನ ಗೂಟ ಜಡಿದ. ಮದ್ದಿಗಿಂತ ಮರಳು ಭಾರ ಎಂದು ಓಬಳೇಶ ಎಚ್ಚರಿಸಿದರೂ ಕೇಳಲಿಲ್ಲ.

ಯುಗಾದಿ ಬಂತು. ಮೊಣಕಾಲು, ಎದೆ, ಹೆಗಲು. ಜಡೆಪ್ಪ ಒಗೆದ. ಧಡ್ ಎಂದು ನೆಲ ನಡುಗಿತು.

ಹಿಂತಿರುಗಿ ನೋಡಿದರೆ ಊರಿಗೆ ಊರೇ ಬೋರಲು ಬಿದ್ದಿದೆ. ಕಂಪ್ಲಿಯ ಪೈಲ್ವಾನರು ಮಣ್ಣು ಮುಕ್ಕುತ್ತಿದ್ದಾರೆ. ಕೈಯಾರೆ ಮದ್ದು ತೆಗೆದಿದ್ದ ಓಬಳೇಶನೂ ಕಿವಿ ಮುಚ್ಚಿಕೊಂಡು ಮಲಗಿದ್ದಾನೆ. ಎಣ್ಣೆಬಟ್ಟಲು ಹಿಡಿದು ನಿಂತವಳು ಉಚ್ಚೆಂಗಮ್ಮ ಒಬ್ಬಳೇ.

ಪೈಲ್ವಾನರು ಮೈಕೊಡವಿ ಎದ್ದರು. ತಾವು ಕಣ್ಣು ಮುಚ್ಚಿದ್ದೆವು, ನೋಡದ್ದನ್ನು ಒಪ್ಪುವುದು ಹೇಗೆ ಎಂದು ತಕರಾರು ತೆಗೆದರು.

"ನಾ ನೋಡೀನಲ್ಲ," ಎಂದಳು ಉಚ್ಚೆಂಗಮ್ಮ.

"ಇರ್ಲಿ ಬಿಡಜ್ಜಿ," ಎಂದ ಜಡೆಪ್ಪ. ನಗು ತಡೆಯಲಾರದೆ ಅಂಗೈಗೆ ಮಣ್ಣು ಸವರಿಕೊಂಡು, ಮತ್ತೆ ಗುಂಡಿಗೆ ಬಾಗಿದ.